ತ್ಸುಬಾದ ಕಪ್ಪು ಕೊಳೆಯಲ್ಲ, ಹುಣಸೆಹಣ್ಣು ಹಾಕಬೇಡಿ

ಪ್ರಶ್ನೆ: ಜಪಾನಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಹಳೆಯ ಕತ್ತಿಯ ತ್ಸುಬಾ ಕೊಟ್ಟಿದ್ದಾರೆ. ಹಿಡಿಗೂ ಅಲಗಿಗೂ ನಡುವೆ ಕೂರುವ ಲೋಹದ ಬಿಲ್ಲೆ. ತಳ ಕಪ್ಪಗಿದೆ, ತುಂಬಾ ಸಣ್ಣ ಗುಳ್ಳೆಗಳಿವೆ, ಮೇಲೆ ಚಿನ್ನದ ಸೇವಂತಿಗೆ. ಅಂಚಿನಲ್ಲಿ ಸ್ವಲ್ಪ ಕೆಂಪು ಕಾಣುತ್ತಿದೆ. ಹುಣಸೆಹಣ್ಣು ಹಾಕಿ ತಿಕ್ಕಬಹುದಾ? ಅಸಲಿ ಅಂತ ತಿಳಿಯುವುದು ಹೇಗೆ?

ಉತ್ತರ: ದಯವಿಟ್ಟು ತಿಕ್ಕಬೇಡಿ. ನಿಮ್ಮ ವಿವರ ನೋಡಿದರೆ ಅದು ಶಕುಡೊ ಇರಬೇಕು. ತಾಮ್ರಕ್ಕೆ ಸಾಮಾನ್ಯವಾಗಿ ನೂರಕ್ಕೆ 3ರಿಂದ 5 ಪಾಲು ಚಿನ್ನ ಬೆರೆಸಿದ ಲೋಹ. ಕೆತ್ತುವಾಗ ಅದು ತಾಮ್ರದ ಹಾಗೇ ಕಾಣುತ್ತದೆ. ಕೆಲಸ ಮುಗಿದ ಮೇಲೆ ರೊಕುಶೊ ಎಂಬ ತಾಮ್ರದ ಲವಣ ಬೆರೆಸಿದ ನೀರಿನಲ್ಲಿ ಕುದಿಸುತ್ತಾರೆ. ಆಗ ನೇರಳೆ ಛಾಯೆಯ ಕಪ್ಪು ಏರುತ್ತದೆ. ಅದೇ ನೀರಿನಲ್ಲಿ ಕುದ್ದರೂ ಚಿನ್ನದ ಹೂವಿನ ಬಣ್ಣ ಕೆಡುವುದಿಲ್ಲ. ಬಿದ್ರಿ ಕೆಲಸದಲ್ಲಿ ಬೀದರ್ ಕೋಟೆಯ ಮಣ್ಣು, ನವಸಾಗರ ಹಚ್ಚಿ ತಳವನ್ನಷ್ಟೇ ಕಪ್ಪಾಗಿಸಿ ಬೆಳ್ಳಿಯನ್ನು ಹಾಗೇ ಉಳಿಸುತ್ತಾರಲ್ವಾ, ಉಪಾಯ ಅದೇ. ಈ ಕಪ್ಪು ಪದರ ತೀರಾ ತೆಳು. ಹುಳಿ ತಾಗಿದರೆ ಎದ್ದುಹೋಗುತ್ತದೆ. ನಿಮಗೆ ಕಂಡ ಕೆಂಪು, ಹಾಗೆ ಸವೆದ ಜಾಗವೇ ಇರಬಹುದು.

ಈಗ ಒಂದು ಭೂತಗನ್ನಡಿ ತನ್ನಿ. ಆ ಗುಳ್ಳೆಗಳ ತಳಕ್ಕೆ ನನಕೊ ಎನ್ನುತ್ತಾರೆ. ತುದಿಯಲ್ಲಿ ಬಟ್ಟಲಿನಂಥ ಗುಳಿ ಇರುವ ಉಳಿಯಿಂದ ಒಂದೊಂದೇ ಗುಳ್ಳೆ ಹೊಡೆದು, ಸಾಲು ತಪ್ಪದಂತೆ ಇಡೀ ತಳ ತುಂಬಿಸುತ್ತಾರೆ. ಇಡೀ ತ್ಸುಬಾದಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಇದು. 15ನೇ ಶತಮಾನದಲ್ಲಿ ಗೊತೊ ಯೂಜೊ ಶುರುಮಾಡಿದ ಮನೆತನ ಇದಕ್ಕೇ ಹೆಸರುವಾಸಿ. ಕೈಕೆಲಸವಾದರೆ ಪ್ರತಿ ಗುಳ್ಳೆಯೂ ಬಿಡಿಬಿಡಿಯಾಗಿ, ದುಂಡಗೆ ನಿಂತಿರುತ್ತದೆ. ಅಚ್ಚಿಗೆ ಎರಕ ಹೊಯ್ದ ನಕಲಿನಲ್ಲಿ ಗುಳ್ಳೆಗಳು ಮೊಂಡಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ನಡುವಿನ ತೂತನ್ನೂ ನೋಡಿ. ಅದರ ಎರಡು ತುದಿಗೆ ತಾಮ್ರದ ಚೂರು ಕೂರಿಸಿದ್ದರೆ, ಯಾವುದೋ ಕತ್ತಿಗೆ ಸರಿಹೊಂದಿಸಿ ಬಳಸಿದ್ದರು ಅಂತ ಅರ್ಥ. ಇಲ್ಲದಿದ್ದರೂ ಗಾಬರಿ ಬೇಡ. ಹೆಸರು ಕೆತ್ತಿದ್ದರೆ ಅದನ್ನಷ್ಟೇ ನಂಬಬೇಡಿ, ಸುಳ್ಳು ಹೆಸರುಗಳು ಜಾಸ್ತಿ.

ಕತ್ತಿಯಿಲ್ಲದೆ ತ್ಸುಬಾ ಮಾತ್ರ ಸಿಕ್ಕಿದ್ದಕ್ಕೆ ಅನುಮಾನ ಪಡಬೇಕಿಲ್ಲ. 1876ರಲ್ಲಿ ಜಪಾನ್ ಸರ್ಕಾರ ಜನ ಬಹಿರಂಗವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಈ ಕುಶಲಕರ್ಮಿಗಳ ಹೊಟ್ಟೆಗೆ ಏಟು ಬಿತ್ತು. ಕಾನೊ ನತ್ಸುಒ ಅಂಥ ದೊಡ್ಡ ಕಲಾವಿದ ಅದಕ್ಕೂ ಮೊದಲೇ ಹೊಸ ನಾಣ್ಯಗಳ ವಿನ್ಯಾಸಕ್ಕೆ ಕೈಹಾಕಿದ್ದ. ಉಳಿದ ಎಷ್ಟೋ ಮಂದಿ ಹೂದಾನಿ, ಪೆಟ್ಟಿಗೆ ಮಾಡತೊಡಗಿದರು. ಬಿಡಿ ತ್ಸುಬಾಗಳು ಆಗಲೇ ವಿದೇಶಿ ಸಂಗ್ರಾಹಕರ ಕೈಗೆ ಹರಿದವು.

ಅಂಚು ಹಿಡಿದು ಎತ್ತಿ, ಮೆತ್ತನೆಯ ಒಣ ಹತ್ತಿಬಟ್ಟೆಯಿಂದ ಧೂಳು ಒರೆಸಿ, ಅಷ್ಟು ಸಾಕು. ಕೆಂಪಾದ ಜಾಗಕ್ಕೆ ಬಣ್ಣ ಹಚ್ಚಿಸಬೇಡಿ.