ಕರುಳಿಗೊಂದು ಮಾತ್ರೆ, ಮಂಡಿಗೊಂದು ಮಾತ್ರೆ

ಪ್ರಶ್ನೆ: ನನಗೆ 46 ವರ್ಷ, ಶಾಲಾ ಶಿಕ್ಷಕಿ. ಮಲದಲ್ಲಿ ರಕ್ತ ಮತ್ತು ಲೋಳೆ ಹೋಗುತ್ತಿದ್ದುದನ್ನು ಮೂಲವ್ಯಾಧಿಯೆಂದೇ ತಿಳಿದು ಆರು ತಿಂಗಳು ಮುಲಾಮು ಹಚ್ಚಿಕೊಂಡು ಕಳೆದೆ. ಕೊನೆಗೆ ಕೊಲೊನೋಸ್ಕೋಪಿ ಮಾಡಿ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದ ಉರಿಯೂತ) ಎಂದರು. ಮೆಸಾಲಮೈನ್ 1.2 ಗ್ರಾಂನ ಎರಡು ಮಾತ್ರೆಗಳನ್ನು ದಿನವೂ ತೆಗೆದುಕೊಳ್ಳುತ್ತಿದ್ದೇನೆ. ಎರಡೇ ತಿಂಗಳಲ್ಲಿ ರಕ್ತ ನಿಂತಿತು, ಒಂದು ವರ್ಷದಿಂದ ಯಾವ ತೊಂದರೆಯೂ ಇಲ್ಲ. ಇತ್ತೀಚೆಗೆ ಮಂಡಿನೋವು ಶುರುವಾಗಿ ಔಷಧದ ಅಂಗಡಿಯಿಂದ ಡೈಕ್ಲೋಫಿನಾಕ್ ತಂದೆ. ಅದೂ ಉರಿಯೂತ ಇಳಿಸುವ ಔಷಧ, ಇದೂ ಉರಿಯೂತ ಇಳಿಸುವ ಔಷಧ ಎಂದ ಮೇಲೆ ಎರಡನ್ನೂ ನುಂಗುವ ಅಗತ್ಯವೇನು, ಒಂದೇ ಸಾಲದೇ? ಗುಣವಾದ ಮೇಲೂ ಮೆಸಾಲಮೈನ್ ಎಷ್ಟು ಕಾಲ ಬೇಕು? ಅದರಿಂದ ಮೂತ್ರಪಿಂಡ ಹಾಳಾಗುತ್ತದೆಯಂತೆ, ನಿಜವೇ?
— ಓದುಗರು, ಹಾವೇರಿ

ಉತ್ತರ: ಮೊದಲು ಡೈಕ್ಲೋಫಿನಾಕ್ ಮಾತ್ರೆಯನ್ನು ನಿಲ್ಲಿಸಿ, ಕಾರಣವನ್ನು ಆಮೇಲೆ ಓದಿ. ‘ಉರಿಯೂತ ಶಮನಕಾರಿ’ ಎಂಬ ಒಂದೇ ಹೆಸರನ್ನು ಎರಡು ಬೇರೆ ಬೇರೆ ಗುಂಪಿನ ಔಷಧಗಳಿಗೆ ಅಂಟಿಸಿರುವುದರಿಂದ ಹುಟ್ಟಿದ ಗೊಂದಲವಿದು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಡೈಕ್ಲೋಫಿನಾಕ್, ಐಬುಪ್ರೊಫೇನ್, ಅಸಿಕ್ಲೋಫಿನಾಕ್, ನ್ಯಾಪ್ರಾಕ್ಸೆನ್ ಮುಂತಾದ ನೋವಿನ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ದೇಹದಲ್ಲಿ ತಯಾರಾಗುವುದನ್ನು ತಡೆಯುತ್ತವೆ. ಮಂಡಿಯಲ್ಲಿ ನೋವನ್ನೂ ಊತವನ್ನೂ ಹೆಚ್ಚಿಸುವ ಈ ರಾಸಾಯನಿಕಗಳೇ ಜಠರ ಮತ್ತು ಕರುಳಿನ ಒಳಪದರವನ್ನು ಕಾಯುವ ಕೆಲಸವನ್ನೂ ಮಾಡುತ್ತವೆ. ಹೀಗಾಗಿ ಮಂಡಿಗೆ ಉಪಕಾರ ಮಾಡುವ ಮಾತ್ರೆಯಿಂದ ಕರುಳಿನ ಕಾವಲು ಸಡಿಲವಾಗುತ್ತದೆ. ಕೊಲೈಟಿಸ್ ಇರುವ ಎಲ್ಲರಿಗೂ ಇದರಿಂದ ರೋಗ ಮರುಕಳಿಸುತ್ತದೆ ಎಂದಲ್ಲ, ಈ ಕುರಿತು ನಡೆದ ಅಧ್ಯಯನಗಳ ಫಲಿತಾಂಶಗಳೂ ಒಂದೇ ತೆರನಾಗಿಲ್ಲ. ಆದರೆ ಕೆಲವರಲ್ಲಿ ಕೆಲವೇ ದಿನಗಳೊಳಗೆ ರಕ್ತಭೇದಿ ಮತ್ತೆ ಕಾಣಿಸಿಕೊಳ್ಳುತ್ತದೆ, ಮತ್ತು ಆ ಕೆಲವರು ಯಾರೆಂದು ಮೊದಲೇ ಗುರುತಿಸುವ ಉಪಾಯ ವೈದ್ಯರ ಕೈಯಲ್ಲಿಲ್ಲ. ನೋವಿಗೆ ಸದ್ಯ ಪ್ಯಾರಾಸಿಟಮಾಲ್ ಸಾಕು.

ಅದಕ್ಕಿಂತ ಮುಖ್ಯವಾಗಿ, ಮಂಡಿನೋವಿನ ವಿಷಯವನ್ನು ನಿಮ್ಮ ಕರುಳಿನ ವೈದ್ಯರಿಗೇ ತಿಳಿಸಿ. ಈ ವಯಸ್ಸಿನಲ್ಲಿ ಸವೆತದಿಂದ ಬರುವ ನೋವು ಸಾಮಾನ್ಯವೇ ಆದರೂ, ಕರುಳಿನ ಉರಿಯೂತ ರೋಗ ಇರುವವರಲ್ಲಿ ಅದೇ ರೋಗದ ಅಂಗವಾಗಿ ಮಂಡಿ, ಕಣಕಾಲಿನ ಕೀಲುಗಳು ಊದಿಕೊಳ್ಳುವುದುಂಟು. ಬೆಳಿಗ್ಗೆ ಎದ್ದಾಗ ಕೀಲು ಬಹಳ ಹೊತ್ತು ಬಿಗಿದುಕೊಂಡಿರುತ್ತದೆಯೇ, ಮುಟ್ಟಿದರೆ ಬಿಸಿಯೆನಿಸುತ್ತದೆಯೇ, ಊದಿದೆಯೇ ಎಂಬುದನ್ನು ಗಮನಿಸಿ ಹೇಳಿ. ಹಾಗಿದ್ದರೆ ವೈದ್ಯರು ಮೆಸಾಲಮೈನ್ ಬದಲಿಗೆ ಸಲ್ಫಾಸಲಜೈನ್ ಕೊಡಲು ಯೋಚಿಸಬಹುದು, ಏಕೆಂದರೆ ಅದು ಕರುಳಿಗೂ ಕೀಲಿಗೂ ನಾಟುವ ಔಷಧ.

ಈ ಎರಡು ಔಷಧಗಳ ಸಂಬಂಧ ಸ್ವಾರಸ್ಯಕರವಾದುದು. ಸ್ವೀಡನ್ನಿನ ನಾನ್ನಾ ಸ್ವಾರ್ಟ್ಸ್ ಎಂಬ ವೈದ್ಯೆ, ಸಂಧಿವಾತಕ್ಕೆ ಸೋಂಕೇ ಕಾರಣವಿರಬಹುದೆಂಬ ಆಗಿನ ಊಹೆಯ ಮೇಲೆ, ಸೋಂಕಿಗೆಂದು ಸಲ್ಫಾ ಔಷಧವನ್ನೂ ಉರಿಯೂತಕ್ಕೆಂದು ಆಸ್ಪಿರಿನ್ ಕುಲದ ಸ್ಯಾಲಿಸಿಲೇಟ್ ಅಂಶವನ್ನೂ ಒಂದೇ ಅಣುವಿನಲ್ಲಿ ಬೆಸೆದ ಔಷಧವನ್ನು 1940ರ ಆಸುಪಾಸಿನಲ್ಲಿ ಬಳಕೆಗೆ ತಂದರು. ಅದೇ ಸಲ್ಫಾಸಲಜೈನ್. ಕೀಲಿಗೆಂದು ಹುಟ್ಟಿದ ಅದರಿಂದ ಕೊಲೈಟಿಸ್ ರೋಗಿಗಳು ಚೇತರಿಸಿಕೊಂಡರು. ಆದರೆ ಜೋಡೆತ್ತಿನಲ್ಲಿ ಗಾಡಿ ಎಳೆಯುತ್ತಿರುವ ಎತ್ತು ಯಾವುದೆಂಬುದು ಮೂರು ದಶಕಗಳಿಗೂ ಹೆಚ್ಚು ಕಾಲ ಇತ್ಯರ್ಥವಾಗಲಿಲ್ಲ. 1977ರಲ್ಲಿ, ಆಗ ಆಕ್ಸ್‌ಫರ್ಡ್‌ನಲ್ಲಿದ್ದ ಬಾಂಗ್ಲಾದೇಶದ ವೈದ್ಯ ಅಝಾದ್ ಖಾನ್ ಮತ್ತು ಅವರ ಸಂಗಡಿಗರು ಎರಡು ಅಂಶಗಳನ್ನೂ ಬಿಡಿಬಿಡಿಯಾಗಿ ಎನಿಮಾ ರೂಪದಲ್ಲಿ ಕೊಟ್ಟು ನೋಡಿ, ಕೆಲಸ ಮಾಡುತ್ತಿದ್ದುದು ಸ್ಯಾಲಿಸಿಲೇಟ್ ಅಂಶವೇ, ಸಲ್ಫಾ ಬರೀ ಅದನ್ನು ಹೊತ್ತೊಯ್ಯುವ ಸವಾರಿ ಎಂದು ತೋರಿಸಿದರು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಆ ಬೆಸುಗೆಯನ್ನು ಮುರಿದಾಗ ಔಷಧ ಬೇಕಾದ ಜಾಗದಲ್ಲೇ ಬಿಡುಗಡೆಯಾಗುತ್ತಿತ್ತು. ತಲೆನೋವು, ವಾಕರಿಕೆ, ಸಲ್ಫಾ ಅಲರ್ಜಿ, ಗಂಡಸರಲ್ಲಿ ತಾತ್ಕಾಲಿಕವಾಗಿ ವೀರ್ಯಾಣು ಕುಗ್ಗುವುದು ಮುಂತಾದ ಉಪದ್ರವಗಳ ಬಹುಪಾಲು ಸಲ್ಫಾದಿಂದ ಬರುವಂಥವು. ಅದನ್ನು ಕಳಚಿಟ್ಟು ಉಳಿದದ್ದೇ ನೀವು ನುಂಗುತ್ತಿರುವ ಮೆಸಾಲಮೈನ್.

ಸಲ್ಫಾದ ಸವಾರಿ ಇಲ್ಲದೆ ಮೆಸಾಲಮೈನನ್ನು ಹಾಗೆಯೇ ನುಂಗಿದರೆ ಅದು ಸಣ್ಣ ಕರುಳಿನ ಮೇಲ್ಭಾಗದಲ್ಲಿಯೇ ಹೀರಿಹೋಗಿ, ರೋಗವಿರುವ ಜಾಗವನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಮಾತ್ರೆಗೆ ವಿಶೇಷ ಹೊದಿಕೆ ಹಾಕಿ, ಕರುಳಿನ ಕೆಳಭಾಗಕ್ಕೆ ಹೋದ ಮೇಲಷ್ಟೇ ಔಷಧ ಹೊರಬರುವಂತೆ ಮಾಡಿರುತ್ತಾರೆ. ನುಂಗಲು ಕಷ್ಟವೆಂದು ಮಾತ್ರೆಯನ್ನು ಮುರಿಯುವುದು, ಪುಡಿ ಮಾಡಿ ನೀರಿಗೆ ಹಾಕುವುದು ಸಲ್ಲದು ಎನ್ನುವುದು ಇದಕ್ಕಾಗಿಯೇ. ನೋವಿನ ಮಾತ್ರೆ ರಕ್ತದಲ್ಲಿ ಸೇರಿ ದೇಹವೆಲ್ಲ ಸುತ್ತಬೇಕು; ಮೆಸಾಲಮೈನ್ ಕರುಳಿನ ಒಳಮೈಗೆ ತಾಗಿ ಅಲ್ಲೇ ಕೆಲಸ ಮಾಡಬೇಕು. ಎರಡಕ್ಕೂ ಒಂದೇ ಹೆಸರಿದ್ದರೂ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಎಷ್ಟು ಕಾಲ ಎಂದು ಕೇಳಿದ್ದೀರಿ. ರಕ್ತ ನಿಂತಿತೆಂದು ರೋಗ ಬಿಟ್ಟುಹೋಯಿತು ಎಂದರ್ಥವಲ್ಲ. ಈಗ ನಿಮಗಿರುವ ಸೌಖ್ಯ ಬಹುಮಟ್ಟಿಗೆ ಆ ಎರಡು ಮಾತ್ರೆಗಳದ್ದೇ. ಚಿಕಾಗೊದ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೌಖ್ಯದಲ್ಲಿದ್ದು ಮೆಸಾಲಮೈನನ್ನು ಸರಿಯಾಗಿ ತೆಗೆದುಕೊಳ್ಳದವರಲ್ಲಿ ರೋಗ ಮರುಕಳಿಸುವ ಸಂಭವ, ತಪ್ಪದೆ ತೆಗೆದುಕೊಂಡವರಿಗಿಂತ ಐದು ಪಟ್ಟಿಗೂ ಹೆಚ್ಚಿತ್ತು. ಆದ್ದರಿಂದ ಇದನ್ನು ಬಿ.ಪಿ. ಮಾತ್ರೆಯಂತೆ ದೀರ್ಘಕಾಲದ ಔಷಧವೆಂದೇ ತಿಳಿಯಿರಿ. ಶಾಲೆಯ ಗಡಿಬಿಡಿಯಲ್ಲಿ ಎರಡನೆಯ ಹೊತ್ತಿನದು ಮರೆತುಹೋಗುವುದಾದರೆ ಎರಡು ಮಾತ್ರೆಗಳನ್ನೂ ಬೆಳಿಗ್ಗೆಯೇ ಒಟ್ಟಿಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ದಿನಕ್ಕೊಮ್ಮೆ ತೆಗೆದುಕೊಂಡರೂ ಫಲ ಕಡಿಮೆಯಾಗುವುದಿಲ್ಲ.

ಮೂತ್ರಪಿಂಡದ ಭಯ ಪೂರ್ತಿ ನಿರಾಧಾರವಲ್ಲ, ಆದರೆ ಅಂಥ ತೊಂದರೆ ಬಹಳ ಅಪರೂಪ. ಔಷಧ ಆರಂಭಿಸುವ ಮುನ್ನ, ಆರಂಭಿಸಿದ ಕೆಲವು ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆಯೆಂದು ತಿಳಿಸುವ ಅಂಶ) ನೋಡಿಸಿದರೆ ತೊಂದರೆ ಮೊಳಕೆಯಲ್ಲೇ ತಿಳಿಯುತ್ತದೆ. ಮೂತ್ರಪಿಂಡಕ್ಕೆ ಹೆಚ್ಚು ಪೆಟ್ಟು ಕೊಡುವುದು ನೀವು ಭಯವಿಲ್ಲದೆ ಅಂಗಡಿಯಿಂದ ತಂದ ಆ ಡೈಕ್ಲೋಫಿನಾಕ್ ಎಂಬುದೂ ನೆನಪಿರಲಿ.

ಪ್ರಶ್ನೆ: ನನಗೆ 29 ವರ್ಷ. ಗುದನಾಳದಲ್ಲಿ ಮಾತ್ರ ಉರಿಯೂತವಿದೆ ಎಂದು ರಾತ್ರಿ ಮಲಗುವ ಮುನ್ನ ಇಟ್ಟುಕೊಳ್ಳಲು ಮೆಸಾಲಮೈನ್ ಸಪೊಸಿಟರಿ (ಗುದದ್ವಾರದೊಳಗೆ ಇಡುವ ಔಷಧದ ಬತ್ತಿ) ಬರೆದಿದ್ದಾರೆ. ಬಹಳ ಮುಜುಗರವಾಗುತ್ತದೆ. ಅದರ ಬದಲು ಮಾತ್ರೆಯನ್ನೇ ಹೆಚ್ಚಾಗಿ ನುಂಗಬಾರದೇ?
— ಓದುಗರು, ಬೆಂಗಳೂರು

ಉತ್ತರ: ಮುಜುಗರ ಸಹಜ. ಆದರೆ ಗುದನಾಳದಲ್ಲಿ ಮಾತ್ರ ರೋಗವಿರುವಾಗ ಸಪೊಸಿಟರಿಯೇ ಮಾತ್ರೆಗಿಂತ ಹೆಚ್ಚು ಫಲಕಾರಿ. ಇದನ್ನು ಪ್ರಯೋಗಗಳು ಸ್ಪಷ್ಟವಾಗಿ ತೋರಿಸಿವೆ. ಬಾಯಿಂದ ಹೋದ ಮಾತ್ರೆಯ ಔಷಧ ದಾರಿಯುದ್ದಕ್ಕೂ ಹಂಚಿಹೋಗಿ ಕೊನೆಯ ಆ ಒಂದು ಗೇಣಿನ ಜಾಗಕ್ಕೆ ತಲುಪುವಷ್ಟರಲ್ಲಿ ತೆಳುವಾಗಿರುತ್ತದೆ, ಸಪೊಸಿಟರಿಯಲ್ಲಿರುವ 1 ಗ್ರಾಂ ಅಷ್ಟೂ ಅಲ್ಲಿಯೇ ಇರುತ್ತದೆ. ಉರಿಯೂತ ಇನ್ನೂ ಮೇಲಕ್ಕೆ, ದೊಡ್ಡ ಕರುಳಿನ ಎಡಭಾಗದವರೆಗೆ ಹರಡಿರುವವರಿಗೆ ಎನಿಮಾ ಮತ್ತು ಮಾತ್ರೆ ಎರಡನ್ನೂ ಕೊಡುತ್ತೇವೆ. ಬರೀ ಮಾತ್ರೆಗಿಂತ ಆ ಜೋಡಿ ಮೇಲು. ಮಲವಿಸರ್ಜನೆ ಮುಗಿಸಿ, ಸಪೊಸಿಟರಿಯ ತುದಿಯನ್ನು ನೀರಿನಲ್ಲಿ ಒದ್ದೆ ಮಾಡಿಕೊಂಡು, ಎಡಮಗ್ಗುಲಿಗೆ ಮಲಗಿ, ಬೆರಳು ಮುಳುಗುವಷ್ಟು ಒಳಗೆ ಇಟ್ಟರೆ ಹೊರಗೆ ಜಾರುವುದಿಲ್ಲ. ಮೊದಲ ಎರಡು ಮೂರು ರಾತ್ರಿ ತಕ್ಷಣ ಮಲಕ್ಕೆ ಹೋಗಬೇಕೆನಿಸುವುದು ಹೆಚ್ಚಾಗಿ ರೋಗದಿಂದ; ಊತ ಇಳಿದಂತೆ ಆ ಅವಸರವೂ ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಇದೆ. ಕೆಲವೇ ಕೆಲವರಿಗೆ ಮೆಸಾಲಮೈನೇ ಒಗ್ಗದೆ, ಆರಂಭಿಸಿದ ಕೆಲವು ದಿನ ಅಥವಾ ವಾರಗಳಲ್ಲಿ ಜ್ವರ, ಹೊಟ್ಟೆನೋವು, ರಕ್ತಭೇದಿ ಹೆಚ್ಚಾಗುತ್ತದೆ. ಅದನ್ನು ರೋಗವೇ ಉಲ್ಬಣಿಸಿತೆಂದು ತಿಳಿದು ಔಷಧವನ್ನು ಇನ್ನಷ್ಟು ಹೆಚ್ಚಿಸುವ ಬದಲು, ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ನನಗೆ ಅಲ್ಸರೇಟಿವ್ ಕೊಲೈಟಿಸ್ ಇದ್ದು ಮೆಸಾಲಮೈನ್‌ನಿಂದ ಆರಾಮವಾಗಿದ್ದೇನೆ. ನನ್ನ ಅಣ್ಣನ ಮಗನಿಗೆ, 22 ವರ್ಷ, ಕ್ರೋನ್ಸ್ ಕಾಯಿಲೆ ಎಂದಿದ್ದಾರೆ. ಅವನಿಗೆ ಈ ಔಷಧ ಕೊಡದೆ ಸ್ಟೀರಾಯ್ಡ್ ಕೊಟ್ಟಿದ್ದಾರೆ, ಮುಂದೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಾಥಯೋಪ್ರಿನ್ ಕೊಡುತ್ತಾರಂತೆ. ಎರಡೂ ಕರುಳಿನ ಉರಿಯೂತವೇ ತಾನೆ?
— ಓದುಗರು, ಕಲಬುರಗಿ

ಉತ್ತರ: ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕಷ್ಟೇ ಸೀಮಿತವಾದ ರೋಗ; ಕ್ರೋನ್ಸ್ ಕರುಳಿನ ಗೋಡೆಯ ಪೂರ್ತಿ ದಪ್ಪವನ್ನು ಹಿಡಿಯುತ್ತದೆ. ಒಳಮೈಗೆ ತಾಗಿ ಕೆಲಸ ಮಾಡುವ ಮೆಸಾಲಮೈನ್ ಗೋಡೆಯ ಆಳಕ್ಕೆ ಇಳಿಯುವುದಿಲ್ಲವಾದ್ದರಿಂದ ಕ್ರೋನ್ಸ್‌ನಲ್ಲಿ ಅದರ ಪ್ರಯೋಜನ ಅತ್ಯಲ್ಪ. ನಿಮ್ಮ ಅಣ್ಣನ ಮಗನ ವೈದ್ಯರು ಹಿಡಿದಿರುವ ದಾರಿ ಸರಿಯಾದುದೇ.

ಒಂದು ವಿಷಯವನ್ನು ಮಾತ್ರ ಅವರಲ್ಲಿ ಕೇಳಿ ತಿಳಿದುಕೊಳ್ಳಿ: ಕರುಳಿನ ಕ್ಷಯ ಅಲ್ಲವೆಂದು ಖಚಿತಪಡಿಸಿಕೊಂಡಿದ್ದಾರೆಯೇ? ನಮ್ಮ ದೇಶದಲ್ಲಿ ಕರುಳಿನ ಕ್ಷಯ ಮತ್ತು ಕ್ರೋನ್ಸ್ ಎರಡೂ ಸಣ್ಣ ಕರುಳಿನ ಕೊನೆಯ ಭಾಗವನ್ನೇ ಹೆಚ್ಚಾಗಿ ಹಿಡಿಯುತ್ತವೆ. ಹೊಟ್ಟೆನೋವು, ತೂಕ ಇಳಿಯುವುದು, ಜ್ವರ ಎರಡರಲ್ಲೂ ಇರುತ್ತವೆ. ಬಯಾಪ್ಸಿ ನೋಡಿಯೂ ಕೆಲವೊಮ್ಮೆ ಹೇಳಲಾಗದು. ಸ್ಟೀರಾಯ್ಡ್ ಕ್ರೋನ್ಸ್ ಅನ್ನು ತಗ್ಗಿಸುತ್ತದೆ, ಕ್ಷಯವನ್ನು ಕೆರಳಿಸುತ್ತದೆ. ಮುಂದೆ ಇನ್‌ಫ್ಲಿಕ್ಸಿಮ್ಯಾಬ್‌ನಂತಹ ಇಂಜೆಕ್ಷನ್ ಬೇಕಾದರೂ ಮೈಯಲ್ಲಿ ಕ್ಷಯ ಅಡಗಿದೆಯೇ ಎಂದು ಮೊದಲೇ ಪರೀಕ್ಷಿಸಲೇಬೇಕು.

ಸ್ಟೀರಾಯ್ಡ್ ಬೆಂಕಿ ಆರಿಸುವ ನೀರು, ದಿನನಿತ್ಯದ ಔಷಧವಲ್ಲ. ಸಾಮಾನ್ಯವಾಗಿ ಪ್ರೆಡ್ನಿಸಲೋನ್ 40 ಮಿ.ಗ್ರಾಂನಿಂದ ಆರಂಭಿಸಿ ಸುಮಾರು ಎರಡು ತಿಂಗಳಲ್ಲಿ ಇಳಿಸುತ್ತಾ ನಿಲ್ಲಿಸುತ್ತಾರೆ. ಅಜಾಥಯೋಪ್ರಿನ್ ಪರಿಣಾಮ ತೋರಲು ಎರಡು ಮೂರು ತಿಂಗಳು ಬೇಕಾಗುವುದರಿಂದ ಆ ನಡುವಿನ ಸೇತುವೆಯಾಗಿ ಸ್ಟೀರಾಯ್ಡ್ ಇರುತ್ತದೆ. ಅಜಾಥಯೋಪ್ರಿನ್ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯಕಾರಿಯಾಗಿ ಕುಗ್ಗಿಸುತ್ತದೆ. ಏಷ್ಯಾದವರಲ್ಲಿ ಇದಕ್ಕೆ ಎನ್‌ಯುಡಿಟಿ15 ಎಂಬ ಜೀನಿನ ವ್ಯತ್ಯಾಸ ಮುಖ್ಯ ಕಾರಣವಾಗಿದ್ದು, ಆ ಪರೀಕ್ಷೆಯನ್ನು ಔಷಧಕ್ಕೆ ಮೊದಲೇ ಮಾಡಿಸಬಹುದು. ಪರೀಕ್ಷೆ ಮಾಡಿಸಿದರೂ ಮೊದಲ ತಿಂಗಳುಗಳಲ್ಲಿ ಪದೇ ಪದೇ ರಕ್ತಕಣಗಳ ಎಣಿಕೆ ತಪ್ಪಿಸುವಂತಿಲ್ಲ. ಮುಖ ಊದಿತೆಂದೋ ಮೊಡವೆ ಬಂತೆಂದೋ ಹುಡುಗ ತಾನಾಗಿಯೇ ಸ್ಟೀರಾಯ್ಡನ್ನು ಒಮ್ಮೆಲೇ ಬಿಡದಂತೆ ನೋಡಿಕೊಳ್ಳಿ. ವಾರಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕಾಗ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು.