ಕ್ಯಾಮೆರಾಕ್ಕೆ ಕಾಣದ ಬೆನ್ನು

ಪತ್ರ: ಧಾರವಾಡದಲ್ಲಿರುವ ನಮ್ಮ ತಾಯಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾರೆ. ಏಜೆನ್ಸಿಯೊಂದರಿಂದ ಹೋಮ್ ನರ್ಸ್ ಗೊತ್ತುಮಾಡಿದ್ದೇವೆ. ನಾಲ್ಕು ತಿಂಗಳಲ್ಲಿ ಈಗಿನವರು ಮೂರನೆಯವರು. ಏಜೆನ್ಸಿಗೆ ಅಂತರ್ಜಾಲದಲ್ಲಿ ನಾಲ್ಕೂವರೆ ನಕ್ಷತ್ರಗಳಿವೆ. ಕೋಣೆಗೆ ಕ್ಯಾಮೆರಾ ಹಾಕಿಸಿ ಮೊಬೈಲಿನಲ್ಲಿ ನೋಡುತ್ತಿರುತ್ತೇನೆ. ಆದರೂ ಸೇವೆ ಚೆನ್ನಾಗಿದೆಯೇ ಎಂಬುದು ತಿಳಿಯುತ್ತಿಲ್ಲ. ಅಳೆಯುವುದು ಹೇಗೆ?
– ಓದುಗರೊಬ್ಬರು, ಪುಣೆ

ಉತ್ತರ: ಕ್ಯಾಮೆರಾ ಬೇಡವೆನ್ನಲಾರೆ. ದೂರದಲ್ಲಿರುವ ಮಕ್ಕಳಿಗೆ ಅದೊಂದು ಧೈರ್ಯ. ಕಳವು, ಹೊಡೆತದಂಥದ್ದು ನಡೆದರೆ ಸಾಕ್ಷಿಯೂ ಹೌದು. ಆದರೆ ನಿಮ್ಮ ಪತ್ರದಲ್ಲಿ ಕ್ಯಾಮೆರಾ ಇದೆ, ನಕ್ಷತ್ರಗಳಿವೆ, ತಾಯಿಯವರ ಬೆನ್ನಿನ ಮಾತೇ ಇಲ್ಲ. ಒಂದೇ ಸಮನೆ ಮಲಗಿರುವ ರೋಗಿಗೆ ಬೆನ್ನುಹುಣ್ಣಾದರೆ ಅದು ಸಾಮಾನ್ಯವಾಗಿ ಕಾಯಿಲೆಯ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂದು ಫ್ಲಾರೆನ್ಸ್ ನೈಟಿಂಗೇಲ್ 19ನೆಯ ಶತಮಾನದ ನಡುವಿನಲ್ಲೇ ಬರೆದಿದ್ದರು. 1962ರಲ್ಲಿ ಬ್ರಿಟನ್ನಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಸಂಗಡಿಗರು ವೃದ್ಧರ ಶರೀರಸ್ಥಿತಿ, ಮನಸ್ಸಿನ ಎಚ್ಚರ, ಓಡಾಟ, ಕೈಕಾಲಿನ ಚಲನೆ, ಮಲಮೂತ್ರದ ಹಿಡಿತ ಈ ಐದಕ್ಕೂ ತಲಾ 4 ಅಂಕವಿಟ್ಟು, 20ಕ್ಕೆ 14 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಹುಣ್ಣಿನ ಅಪಾಯವಿದೆಯೆಂದು ಗುರುತಿಸುವ ಸರಳ ಪದ್ಧತಿಯೊಂದನ್ನು ರೂಪಿಸಿದರು. ಸೇವೆ ಶುರುವಾದ ದಿನ ನಿಮ್ಮ ಏಜೆನ್ಸಿಯವರು ಹೀಗೆ ಏನನ್ನಾದರೂ ಪರೀಕ್ಷಿಸಿದರೇ, ಅಥವಾ ಮುಂಗಡ ಪಡೆದು ಹೊರಟರೇ?

ನನ್ನ ತಾಯಿ ಹದಿನಾಲ್ಕು ತಿಂಗಳು ಮಲಗಿದ್ದರು. ಏಜೆನ್ಸಿಯೊಂದು ಮೊದಲು ಕಳಿಸಿದ ಹುಡುಗಿ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಪುಸ್ತಕದಲ್ಲಿ ತಪ್ಪದೆ ಗುರುತು ಬೀಳುತ್ತಿತ್ತು. ಮೂರನೆಯ ವಾರ ಸೊಂಟದ ಕೆಳಗೆ ರೂಪಾಯಿಯಗಲ ಕೆಂಪಾಗಿತ್ತು. ಆಮೇಲೆ ಬಂದವರು ಹಾವೇರಿ ಕಡೆಯ, ಏಳನೆಯ ತರಗತಿ ಓದಿದ್ದ ಹೆಂಗಸು. ಬಂದ ಸಂಜೆಯೇ ಆ ಜಾಗವನ್ನು ಬೆರಳಿನಿಂದ ಒತ್ತಿ, ‘ಒತ್ತಿದ್ರೂ ಬೆಳ್ಳಗಾಗವಲ್ದು’ ಎಂದರು. ವೈದ್ಯರು ಮೊದಲ ಹಂತದ ಹುಣ್ಣೆನ್ನುವುದು ಇದನ್ನೇ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಂಡರು. ಗಂಜಿಯನ್ನು ಕುಳ್ಳಿರಿಸಿಯೇ ಕುಡಿಸಿ, ನುಂಗಿದ್ದು ಖಾತ್ರಿಯಾದ ಮೇಲಷ್ಟೇ ಮುಂದಿನ ಚಮಚ ಎತ್ತುತ್ತಿದ್ದರು. ಕೆಂಪು ಮಾಯಿತು. ಎರಡೂವರೆ ತಿಂಗಳಿಗೆ ಏಜೆನ್ಸಿ ಅವರನ್ನು ಹೆಚ್ಚು ಕೊಡುವ ಮನೆಗೆ ಕಳಿಸಿತು. ನಾವು ಕಟ್ಟುತ್ತಿದ್ದ ಹಣದಲ್ಲಿ ಅವರ ಕೈಸೇರುತ್ತಿದ್ದುದು ಅರ್ಧಕ್ಕಿಂತ ತುಸು ಹೆಚ್ಚು ಎಂಬುದು ನನಗೆ ಗೊತ್ತಾದದ್ದೇ ಅವರು ಹೊರಟ ದಿನ. ಅದಕ್ಕೂ ಮೊದಲು ಕೇಳಬೇಕೆಂದು ನನಗೆ ತೋಚಿರಲಿಲ್ಲ.

ಆದ್ದರಿಂದ, ನಾಲ್ಕು ತಿಂಗಳಲ್ಲಿ ಮೂವರು ಎಂಬುದನ್ನು ನೀವು ಹಾಗೆ ತೇಲಿಸಿ ಬರೆಯಬಾರದಿತ್ತು. ತಾಯಿಯವರ ಯಾವ ಭುಜ ಎತ್ತಿದರೆ ನೋವು, ಯಾವ ನರಳಿಕೆ ನೀರಿಗಾಗಿ ಎಂಬುದನ್ನು ಪ್ರತಿಯೊಬ್ಬರೂ ಮೊದಲಿನಿಂದ ಕಲಿಯಬೇಕು. ಏಜೆನ್ಸಿಯನ್ನು ಕೇಳಬೇಕಾದದ್ದು ಇದನ್ನೇ: ನಿಮ್ಮಲ್ಲಿ ಹೆಂಗಸರು ಎಷ್ಟು ಕಾಲ ನಿಲ್ಲುತ್ತಾರೆ, ಅವರ ಕೈಗೆಷ್ಟು, ವಾರದ ರಜೆ ಇದೆಯೇ, ರಜೆಯ ದಿನ ಬರುವವರಿಗೆ ಯಾರು ತಿಳಿಹೇಳುತ್ತಾರೆ? ನಿಮ್ಮ ಮನೆಯವರನ್ನೂ ಒಂದು ಮಾತು ಕೇಳಿ: ಆಕೆ ರಾತ್ರಿ ಮಲಗುವುದು ಎಲ್ಲಿ, ಆಕೆಯ ತಟ್ಟೆ ಲೋಟ ಬೇರೆಯೇ?

ಇಂಗ್ಲೆಂಡಿನಲ್ಲಿ 2009ರಿಂದ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆಯಿದ್ದು, ಮನೆ ಆರೈಕೆಯ ಏಜೆನ್ಸಿಗಳನ್ನೂ ನೋಂದಾಯಿಸಿಕೊಂಡು, ಸೇವೆ ಸುರಕ್ಷಿತವೇ, ಅಂತಃಕರಣದಿಂದ ಕೂಡಿದೆಯೇ ಎಂಬಿತ್ಯಾದಿ ಐದು ಪ್ರಶ್ನೆ ಹಾಕಿ ಫಲಿತಾಂಶವನ್ನು ಪ್ರಕಟಿಸುತ್ತದೆ. ನಮ್ಮಲ್ಲಿ ಹಿರಿಯ ನಾಗರಿಕರ 2007ರ ಕಾಯ್ದೆಗೆ 2019ರಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆಯಲ್ಲಿ ಮನೆ ಆರೈಕೆ ಸಂಸ್ಥೆಗಳ ನೋಂದಣಿಯ ಪ್ರಸ್ತಾಪವಿತ್ತು. ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯೂ ಬಿದ್ದುಹೋಯಿತು. ಇಡ್ಲಿ ಮಾರುವವನಿಂದ ಆಹಾರ ಸುರಕ್ಷತೆಯ ನೋಂದಣಿ ಕೇಳುವ ಸರ್ಕಾರಕ್ಕೆ, ಮಾತು ನಿಂತ ಮುದುಕಿಗೆ ಗಂಜಿ ಕುಡಿಸುವವರನ್ನು ಕಳಿಸುವ ಸಂಸ್ಥೆಯ ಬಗ್ಗೆ ಅಷ್ಟೂ ಕುತೂಹಲವಿಲ್ಲ.

ಮುಂದಿನ ಸಲ ಧಾರವಾಡಕ್ಕೆ ಹೋದಾಗ ಸ್ನಾನದ ಹೊತ್ತಿಗೆ ಕೋಣೆಯಲ್ಲಿರಿ. ಮಗ್ಗುಲು ಹೊರಳಿಸಲು ನೀವೂ ಒಂದು ಕೈ ಹಾಕಿ, ಹಿಮ್ಮಡಿ ಮತ್ತು ಸೊಂಟದ ಕೆಳಗೆ ಬೆಳಕು ಬಿಟ್ಟು ನೋಡಿ. ಅಲ್ಲಿ ಚರ್ಮ ತಿಳಿಯಾಗಿದ್ದರೆ ಮೂರನೆಯವರಿಗೆ ಸಂಬಳ ಹೆಚ್ಚಿಸುವ ಮಾತನ್ನು ಏಜೆನ್ಸಿಯೊಂದಿಗೆ ಅಂದೇ ಆಡಿ.
– ಸಂ.