ಏಪ್ರಿಲ್ ಓಟಕ್ಕೆ ಹೊರಟ ಹಾಸನದ ಮೇಷ್ಟ್ರಿಗೆ

ಮೇಷ್ಟ್ರೇ, ನಮಸ್ಕಾರ. ವಯಸ್ಸು ಐವತ್ತೇಳು, ದಿನಕ್ಕೊಂದು ಬಿ.ಪಿ. ಮಾತ್ರೆ, ಜನವರಿಯಲ್ಲಿ ಹತ್ತು ಕಿಲೋಮೀಟರ್ ಓಟವನ್ನು ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಸಿದ್ದೀರಿ. ಈಗ ಏಪ್ರಿಲ್ ಕೊನೆಯ ಭಾನುವಾರ ಹಾಸನದಲ್ಲೇ ಹಾಫ್ ಮ್ಯಾರಥಾನ್, ಬೆಳಿಗ್ಗೆ ಆರಕ್ಕೆ ಆರಂಭ, ಎರಡೂವರೆ ಗಂಟೆಯಲ್ಲಿ ಮುಗಿಸಲು ಆಗುತ್ತದೆಯೇ ಎಂದು ಕೇಳಿದ್ದೀರಿ. ಒಬ್ಬರು ‘ಈ ವಯಸ್ಸಿಗೆ ಓಟವೇಕೆ, ವಾಕಿಂಗ್ ಸಾಕು’ ಎಂದಿದ್ದಾರೆ. ಇನ್ನೊಬ್ಬರು ‘ಫೌಜಾ ಸಿಂಗ್ ನೂರನೇ ವಯಸ್ಸಿನಲ್ಲಿ ಪೂರ್ಣ ಮ್ಯಾರಥಾನ್ ಓಡಲಿಲ್ಲವೇ, ಎಳನೀರು ಕುಡಿದು ಹೊರಡಿ’ ಎಂದಿದ್ದಾರೆ. ಎರಡೂ ನಿಮ್ಮ ಕೆಲಸಕ್ಕೆ ಬರುವ ಮಾತಲ್ಲ. ಫೌಜಾ ಸಿಂಗ್ 2011ರಲ್ಲಿ ಆ ಓಟ ಮುಗಿಸಿದ್ದು ಟೊರಾಂಟೊದಲ್ಲಿ, ಅಕ್ಟೋಬರ್ ತಿಂಗಳಲ್ಲಿ. ನಿಮ್ಮದು ಹಾಸನದ ಏಪ್ರಿಲ್.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಓಡಿ, ಆದರೆ ಎರಡೂವರೆ ಗಂಟೆಯ ಆಸೆಯನ್ನು ಡಿಸೆಂಬರಿಗೆ ಎತ್ತಿಡಿ. ನೀವು ಗಣಿತದ ಮೇಷ್ಟ್ರು, ಲೆಕ್ಕ ನೋಡಿ. ಎರಡೂವರೆ ಗಂಟೆಗೆ 21.1 ಕಿಲೋಮೀಟರ್ ಎಂದರೆ ಕಿಲೋಮೀಟರಿಗೆ ಏಳು ನಿಮಿಷ ಆರು ಸೆಕೆಂಡ್. ಅಂದರೆ ಜನವರಿಯ ಚಳಿಯಲ್ಲಿ ಹತ್ತು ಕಿಲೋಮೀಟರಿಗೆ ಇಟ್ಟುಕೊಂಡಿದ್ದ ವೇಗವನ್ನೇ ಹೆಚ್ಚುಕಡಿಮೆ ಎರಡರಷ್ಟು ದೂರಕ್ಕೆ, ಅದೂ ಸೆಕೆಯಲ್ಲಿ, ಎಳೆಯಬೇಕು. ಅದು ತಂಪಿನಲ್ಲೇ ಕಷ್ಟ. ಎರಡು ಗಂಟೆ ನಲವತ್ತೈದು ನಿಮಿಷ ಎಂದುಕೊಂಡು ಹೊರಡಿ, ಮೂರು ಗಂಟೆಯಾದರೂ ಬೇಸರ ಮಾಡಿಕೊಳ್ಳಬೇಡಿ. ಟೋಕಿಯೋ ಒಲಿಂಪಿಕ್ಸ್‌ನವರು ಸೆಕೆಗೆ ಹೆದರಿ ಮ್ಯಾರಥಾನನ್ನೇ ಸುಮಾರು 800 ಕಿಲೋಮೀಟರ್ ಉತ್ತರದ ಸಪ್ಪೊರೊಗೆ ಸಾಗಿಸಿದರು. ಅಲ್ಲಿಯೂ ಸೆಕೆ ಬಿಡದಾಗ ಮಹಿಳೆಯರ ಓಟವನ್ನು ಹಿಂದಿನ ದಿನ ಸಂಜೆ ಬದಲಿಸಿ, ಏಳರ ಬದಲು ಬೆಳಿಗ್ಗೆ ಆರಕ್ಕೇ ಆರಂಭಿಸಿದರು. ಜಗತ್ತಿನ ಅತಿ ಗಟ್ಟಿ ಕಾಲುಗಳಿಗೇ ಈ ಉಪಚಾರ ಬೇಕಾಯಿತು!

‘ಹಾಸನದಲ್ಲಿ ಎಂಥ ಸೆಕೆ, ಬಳ್ಳಾರಿಯೇ ಇದು’ ಎನ್ನುವವರು ನಮ್ಮಲ್ಲಿ ಬಹಳ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಐದು ಗಂಟೆಗೆ ಹೊರಗೆ ಬಂದರೆ ಗಾಳಿ ಹಿತವಾಗಿಯೇ ಇರುತ್ತದೆ. ಮೋಸ ಇರುವುದು ಅಲ್ಲೇ. ಏಪ್ರಿಲ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆ ಹತ್ತು ನಿಮಿಷದ ಸುಮಾರಿಗೆ. ನೀವು ಕೊನೆಯ ಐದು ಕಿಲೋಮೀಟರಿಗೆ ಬರುವಾಗ ಎಂಟು ದಾಟಿರುತ್ತದೆ, ಬಿಸಿಲು ನೆತ್ತಿಯ ಕಡೆಗೆ ಹೊರಟಿರುತ್ತದೆ. ಹಿಂದಿನ ಸಂಜೆ ಗುಡುಗು ಮಳೆ ಬಿದ್ದಿದ್ದರಂತೂ ಇನ್ನೂ ಕಷ್ಟ. ಕಾಫಿ ತೋಟದವರಿಗೆ ಹೂಮಳೆ ಹಬ್ಬ, ಓಡುವವರಿಗೆ ಮರುದಿನ ಬೆಳಿಗ್ಗೆ ಗಾಳಿಯೇ ಒದ್ದೆ. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ, ಮೊಣಕೈಯಿಂದ ತೊಟ್ಟಿಕ್ಕಿ ರಸ್ತೆಗೆ ಬಿದ್ದ ಬೆವರಿನಿಂದ ನಿಮಗೆ ಏನೂ ಲಾಭವಿಲ್ಲ. ವಯಸ್ಸಾದಂತೆ ಬೆವರುವುದು ತಡವಾಗುತ್ತದೆ, ಚರ್ಮಕ್ಕೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ಬಾಯಾರಿಕೆಯೂ ಮಂದವಾಗುತ್ತದೆ. ಮೂವತ್ತರ ಹುಡುಗರ ಸಲಹೆ ನಮಗೆ ಪೂರ್ತಿ ಹೊಂದದಿರುವುದು ಈ ಕಾರಣಕ್ಕೆ.

ಮನೆಯವರು ಹೆದರಿದ್ದಾರೆ ಎಂದೂ ಬರೆದಿದ್ದೀರಿ. ಹೆದರದೆ ಏನು ಮಾಡುತ್ತಾರೆ? 2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳದ್ದೇ ಸುದ್ದಿ. ತಪಾಸಣೆಗೆ ಜನ ಮೈಸೂರಿನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿ, ಅಸಹಜವಾದ ಏರಿಕೆಯೇನೂ ಇಲ್ಲ ಎಂದಿತು. ಆದರೂ ಮನೆಯವರ ಭಯಕ್ಕೆ ವರದಿ ಓದಿ ಹೇಳುವುದು ಪರಿಹಾರವಲ್ಲ. ಹೃದ್ರೋಗ ತಜ್ಞರ ಬಳಿ ಹೋಗಿ ಇಸಿಜಿ ಮಾಡಿಸಿ, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ಕೇಳಿ. ‘ಬೇಸಗೆಯಲ್ಲಿ ಮೂರು ಗಂಟೆ ಓಡುತ್ತೇನೆ’ ಎಂದು ಬಿಡಿಸಿ ಹೇಳಿ, ಸುಮ್ಮನೆ ‘ವ್ಯಾಯಾಮ ಮಾಡುತ್ತೇನೆ’ ಎಂದರೆ ಅವರು ಕೆರೆ ಏರಿಯ ವಾಕಿಂಗ್ ಎಂದುಕೊಂಡು ತಲೆಯಾಡಿಸುತ್ತಾರೆ. ಮಾತ್ರೆಯ ಹಾಳೆಯನ್ನೂ ಒಯ್ಯಿರಿ. ಮೆಟೊಪ್ರೊಲಾಲ್, ಅಟೆನೊಲಾಲ್ ಜಾತಿಯದಾದರೆ ಅದು ಹೃದಯ ಬಡಿತವನ್ನು ಹಿಡಿದಿಡುತ್ತದೆ, ಆಗ ಕೈಗಡಿಯಾರ ತೋರಿಸುವ ಬಡಿತವನ್ನು ನಂಬಿ ವೇಗ ನಿರ್ಧರಿಸುವಂತಿಲ್ಲ, ಗರಿಷ್ಠ ಬಡಿತ ಅಂದಾಜಿಸಲು 220ರಿಂದ ವಯಸ್ಸು ಕಳೆಯುವ ಸೂತ್ರವೂ ಕೆಲಸಕ್ಕೆ ಬರುವುದಿಲ್ಲ. ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್‌ಥ್ಯಾಲಿಡೋನ್ ಬೆರೆತ ಮಾತ್ರೆಯಾದರೆ ಅದು ಮೂತ್ರದಲ್ಲಿ ನೀರನ್ನೂ ಉಪ್ಪನ್ನೂ ಹೊರಹಾಕುತ್ತದೆ. ಓಟದ ದಿನ ಅದನ್ನು ಯಾವಾಗ ನುಂಗಬೇಕು ಎಂದು ವೈದ್ಯರೇ ಹೇಳಲಿ, ನೀವಾಗಿ ಬಿಡಬೇಡಿ. ಮಂಡಿ ನೋವಿಗೆಂದು ಓಟದ ಮುಂಚೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವ ಚಟ ನಮ್ಮ ವಯಸ್ಸಿನವರಲ್ಲಿ ಬಹಳ ಇದೆ. ಮೈಯಲ್ಲಿ ನೀರು ಕಡಿಮೆಯಾದಾಗ ಅದು ಮೂತ್ರಪಿಂಡಕ್ಕೆ ಪೆಟ್ಟು. ಬೇಡವೇ ಬೇಡ.

ಇನ್ನು ತಯಾರಿ. ಕೈಯಲ್ಲಿ ಏಳು ವಾರವಿದೆ, ಸಾಕು. ವಾರಕ್ಕೆ ನಾಲ್ಕು ದಿನ ಓಟ, ಅದರಲ್ಲಿ ಮೂರು ದಿನ ಮಾತನಾಡುತ್ತಾ ಓಡುವಷ್ಟು ನಿಧಾನ. ಭಾನುವಾರದ ಉದ್ದ ಓಟವನ್ನು ಈಗಿನ ಹನ್ನೊಂದು ಹನ್ನೆರಡು ಕಿಲೋಮೀಟರಿನಿಂದ ಒಂದೊಂದೇ ಹೆಜ್ಜೆ ಏರಿಸಿ, ನಡುವೆ ಒಂದು ವಾರ ಇಳಿಸಿ, ಹದಿನೇಳು ಹದಿನೆಂಟಕ್ಕೆ ನಿಲ್ಲಿಸಿ. ಅದು ಓಟಕ್ಕೆ ಎರಡು ವಾರ ಮೊದಲೇ ಮುಗಿದಿರಲಿ. ಬಿ.ಎಂ. ರಸ್ತೆಯಲ್ಲಿ ಲಾರಿಗಳ ಗಾಳಿಗೆ ಸಿಕ್ಕಿ ಓಡುವುದಕ್ಕಿಂತ ಸಾಲಗಾಮೆ ರಸ್ತೆಯಲ್ಲಿ ಊರು ದಾಟಿ ಹೋಗಿ ಬರುವುದು ಮೇಲು. ನಮ್ಮ ಚಿಕ್ಕಮಗಳೂರಿನಲ್ಲಿ ಕೈಮರದಿಂದ ಮೇಲೆ ಹೋದರೆ ನೆರಳುಂಟು, ಏರು ಜೀವ ತೆಗೆಯುತ್ತದೆ; ಕಡೂರು ರಸ್ತೆಯಲ್ಲಿ ಕಾಲಿಗೆ ಸುಖ, ತಲೆಗೆ ಬಿಸಿಲು. ಒಂದು ಭಾನುವಾರ ಬನ್ನಿ, ಎರಡನ್ನೂ ತೋರಿಸುತ್ತೇನೆ.

ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಮೈಯನ್ನು ಸೆಕೆಗೆ ಒಗ್ಗಿಸುವುದು. ನಸುಕಿನ ಐದಕ್ಕೇ ಎದ್ದು ತಂಪಿನಲ್ಲಿ ಅಭ್ಯಾಸ ಮುಗಿಸುವವರಿಗೆ ಓಟದ ದಿನ ಎಂಟರ ಬಿಸಿಲು ಹೊಸದು. ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟರಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಹೃದಯ ಬಡಿತ ಇಳಿಯುತ್ತದೆ. ಏಪ್ರಿಲ್ ಎರಡನೇ ವಾರದಿಂದ ನಿಧಾನದ ಓಟಗಳನ್ನು ಏಳೂವರೆಗೆ ಸರಿಸಿ. ಮೊದಲ ದಿನ ಇಪ್ಪತ್ತು ನಿಮಿಷ, ಆಮೇಲೆ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಏರಿಸಿ ಐವತ್ತು ನಿಮಿಷಕ್ಕೆ ತನ್ನಿ. ನಡುಮಧ್ಯಾಹ್ನ ಓಡುವ ಶೌರ್ಯ ಬೇಡ.

ನೀರಿನ ವಿಷಯದಲ್ಲಿ ಊಹೆ ಬೇಡ, ತಕ್ಕಡಿ ನೋಡಿ. ಒಂದು ಗಂಟೆಯ ಓಟಕ್ಕೆ ಮೊದಲು ಮತ್ತು ಆಮೇಲೆ, ಬಟ್ಟೆ ತೆಗೆದು, ಮೈ ಒರೆಸಿಕೊಂಡು ತೂಕ ನೋಡಿ. ಒಂದು ಕಿಲೋ ಇಳಿದಿದ್ದು, ನಡುವೆ ಅರ್ಧ ಲೀಟರ್ ಕುಡಿದಿದ್ದರೆ ನಿಮ್ಮ ಬೆವರು ಗಂಟೆಗೆ ಒಂದೂವರೆ ಲೀಟರ್. ಅಷ್ಟನ್ನೂ ತುಂಬಿಕೊಳ್ಳಬೇಕಿಲ್ಲ, ಹೊಟ್ಟೆಯೂ ಹಿಡಿಸುವುದಿಲ್ಲ. ಪ್ರತಿ ನೀರಿನ ಮೇಜಿನ ಬಳಿ ನಿಂತು ಅರ್ಧ ಲೋಟದಿಂದ ಮುಕ್ಕಾಲು ಲೋಟ. ಓಟದ ಕೊನೆಗೆ ತೂಕ ಏರಿದ್ದರೆ ನೀವು ಕುಡಿದದ್ದು ಅತಿಯಾಯಿತು. ಬರಿಯ ನೀರನ್ನು ಮಿತಿಮೀರಿ ಕುಡಿದು ರಕ್ತದ ಸೋಡಿಯಂ ಇಳಿಸಿಕೊಂಡು ಆಸ್ಪತ್ರೆ ಸೇರುವವರಲ್ಲಿ ನಿಧಾನ ಓಡುವವರೇ ಹೆಚ್ಚು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಎಳನೀರು ಓಟ ಮುಗಿದ ಮೇಲೆ, ಉಪ್ಪು ಹಾಕಿದ ಮಜ್ಜಿಗೆಯ ಜೊತೆಗೆ. ಓಡುವಾಗ ಓಆರ್‌ಎಸ್ ಸಾಕು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿರಬೇಕು, ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು. ಅಂಗಡಿಯ ಡಬ್ಬಿಯ ಸಿಹಿ ಪಾನೀಯ ಅದಕ್ಕೆ ಬದಲಿಯಲ್ಲ. ಕಪ್ಪು ಬನಿಯನ್ ಹಾಕಿ ಓಡಿ ನೆರಳಿಗೆ ಹರವಿ ನೋಡಿ; ಒಣಗಿದಾಗ ಎದೆ, ಬೆನ್ನಿನ ಮೇಲೆ ಬಿಳಿ ಗೆರೆ ದಪ್ಪಗೆ ಮೂಡಿದ್ದರೆ ನಿಮ್ಮದು ಉಪ್ಪು ಹೆಚ್ಚು ಕಳೆಯುವ ಮೈ. ಬಿ.ಪಿ. ಇರುವುದರಿಂದ ಎಷ್ಟು ಉಪ್ಪು ಸಲ್ಲುತ್ತದೆ ಎಂಬುದನ್ನೂ ಅದೇ ವೈದ್ಯರಲ್ಲಿ ಕೇಳಿಕೊಳ್ಳಿ.

ಓಟದ ದಿನಕ್ಕೆ ನಾನು ಹೇಳುವುದು ಓಟ-ನಡಿಗೆ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಜನಪ್ರಿಯಗೊಳಿಸಿದ ಕ್ರಮ. ನಾಲ್ಕು ನಿಮಿಷ ಓಟ, ಒಂದು ನಿಮಿಷ ಬಿರುಸಿನ ನಡಿಗೆ, ಅದೂ ಮೊದಲ ಕಿಲೋಮೀಟರಿನಿಂದಲೇ. ಸುಸ್ತಾದ ಮೇಲೆ ನಡೆಯುವುದು ಬೇರೆ, ಸುಸ್ತಾಗದಂತೆ ನಡೆಯುವುದು ಬೇರೆ. ಕಿಲೋಮೀಟರಿಗೆ ಏಳೂಕಾಲು ನಿಮಿಷದ ವೇಗದಲ್ಲಿ ಓಡಿ, ಹತ್ತೂವರೆಯ ವೇಗದಲ್ಲಿ ನಡೆದರೆ ಸರಾಸರಿ ಏಳು ಮುಕ್ಕಾಲಿನ ಆಸುಪಾಸು ಬರುತ್ತದೆ, ಒಟ್ಟು ಎರಡು ಗಂಟೆ ನಲವತ್ತಮೂರು ನಿಮಿಷ. ಗುಣಿಸಿ ನೋಡಿ, ನೀವು ಹೇಗೂ ನಂಬುವುದಿಲ್ಲ. ಮೊದಲ ಐದು ಕಿಲೋಮೀಟರ್ ಹುಡುಗರು ಹಿಂದೆ ಹಾಕಿ ಹೋಗುತ್ತಾರೆ, ಹೋಗಲಿ. ನೀರಿನ ಮೇಜಿನ ಬಳಿ ಒಂದು ಲೋಟ ಬಾಯಿಗಾದರೆ ಇನ್ನೊಂದು ಲೋಟ ತಲೆಗೆ, ಕುತ್ತಿಗೆಗೆ.

ಹಿಂದಿನ ರಾತ್ರಿ ಹುರುಳಿ ಸಾರು, ಕಾಳಿನ ಪಲ್ಯ ಬೇಡ, ಅನ್ನ, ತಿಳಿಸಾರು ಸಾಕು. ಬೆಳಿಗ್ಗೆ ಎರಡು ಏಲಕ್ಕಿ ಬಾಳೆಹಣ್ಣು, ಅಭ್ಯಾಸವಿದ್ದರೆ ಎಂದಿನ ಕಾಫಿ. ತೊಡೆಸಂದಿಗೆ, ಕಂಕುಳಿಗೆ ವ್ಯಾಸಲೀನ್.

ಮನೆಯವರಿಗೂ ಒಂದು ಕೆಲಸ ಕೊಡಿ. ಹದಿನಾರನೇ ಕಿಲೋಮೀಟರಿನ ಬಳಿ ತಣ್ಣೀರು, ಒದ್ದೆ ಟವೆಲ್ ಹಿಡಿದು ನಿಂತಿರಲಿ, ನೀವು ಬಂದೊಡನೆ ಹದಿನೇಳರ ಮಗ್ಗಿ ಕೇಳಲಿ. ಗಣಿತದ ಮೇಷ್ಟ್ರು ಅಲ್ಲಿ ತಡವರಿಸಿದರೆ ಓಟ ಅಲ್ಲಿಗೆ ಮುಗಿಯಿತು. ಬಿಸಿಲಿನಲ್ಲೂ ಮೈ ಜುಮ್ಮೆಂದು ಚಳಿ, ತಲೆಸುತ್ತು, ವಾಂತಿ ಬಂದಂತಾಗುವುದು, ಎದೆ ಬಿಗಿತ, ಯಾವುದು ಕಂಡರೂ ನಿಲ್ಲಿ. ಮಾತು ತೊದಲಿ ಗೊಂದಲವಾದರೆ ಅದು ಶಾಖಾಘಾತ ಇರಬಹುದು. 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೂ ಕಾಯದೆ ನೆರಳಿಗೆ ಎಳೆದು ಮೈತುಂಬ ನೀರು ಸುರಿದು, ಗಾಳಿ ಬೀಸಿ, ಮಂಜುಗಡ್ಡೆಯಿದ್ದರೆ ಇಟ್ಟು ತಣಿಸಬೇಕು. ಗೊಂದಲದಲ್ಲಿರುವವರ ಬಾಯಿಗೆ ನೀರು ಹಾಕಬಾರದು. ಇದನ್ನು ಅವರಿಗೆ ಮೊದಲೇ ಹೇಳಿರಿ.

ಶೂ ಬಗ್ಗೆ ಕೇಳಿದ್ದೀರಿ. ಯಾವ ಕಂಪನಿ ಎಂಬ ಚರ್ಚೆಗೆ ನಾನು ಬರುವುದಿಲ್ಲ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ ಅಂಗಡಿಗೆ ಹೋಗಿ, ಓಡುವ ಕಾಲುಚೀಲ ಹಾಕಿಕೊಂಡೇ ನೋಡಿ, ಹೆಬ್ಬೆರಳಿನ ಮುಂದೆ ಒಂದು ಬೆರಳಿನ ಅಗಲ ಜಾಗ ಉಳಿಯಬೇಕು. ಈ ವಾರವೇ ಕೊಂಡುಬಿಡಿ, ಏಪ್ರಿಲ್ ಕೊನೆಯ ಹೊತ್ತಿಗೆ ಅದು ಕಾಲಿಗೆ ಹೊಂದಿಕೊಂಡಿರುತ್ತದೆ.